ಕಸ ಬೇಡವೆಂಬ ಕರಪತ್ರ, ಐದು ಸಾವಿರ ಪ್ರತಿ

ರಾಯಚೂರಿನ ಅತಿ ಹಳೆಯ ಜಾಹೀರಾತು ಕೋಟೆಯ ಗೋಡೆಯಲ್ಲಿದೆ. 1294ರದ್ದು. 41 ಅಡಿಗೂ ಉದ್ದದ ಒಂದೇ ಕಲ್ಲು. ಕೋಟೆ ಕಟ್ಟಿಸಿದ್ದು ಗೋರೆ ಗನ್ನಯ್ಯ ರೆಡ್ಡಿ ಎಂದು ಅದರ ಮೇಲೆ ತೆಲುಗಿನಲ್ಲಿ ಕೊರೆದಿದ್ದಾರೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿ ತಂದದ್ದರ ಚಿತ್ರವನ್ನೂ ಕೆತ್ತಿದ್ದಾರೆ. ಅಂದರೆ ಆಗಲೂ ಕಾಮಗಾರಿ ಇತ್ತು, ಪ್ರಚಾರ ಇತ್ತು, ಸಾಗಾಟದ ಬಿಲ್ಲಿಗೆ ಸಾಕ್ಷಿಯೂ ಇತ್ತು. ಇಲ್ಲದ್ದು ಕೈಮುಗಿದು ನಿಂತ ಫೋಟೊ ಮತ್ತು ಕೆಳಗೆ ‘ಶುಭ ಕೋರುವವರು’ ಎಂದು ಸಾಲಾಗಿ ಜೋಡಿಸಿದ ಇಪ್ಪತ್ತು ಮುಖ. ಏಳು ನೂರು ವರ್ಷ ದಾಟಿದರೂ ಆ ಜಾಹೀರಾತು ಹರಿದು ಚರಂಡಿಗೆ ಬಿದ್ದಿಲ್ಲ, ಬಿಡಾಡಿ ದನದ ಹೊಟ್ಟೆ ಸೇರಿಲ್ಲ.

ಈಗಿನ ಜಾಹೀರಾತಿನ ಆಯುಷ್ಯ ಮುಂಗಾರಿನ ಮೊದಲ ಬಿರುಗಾಳಿಯ ತನಕ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚದ ಜೊತೆಗೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್ ಎಲ್ಲವನ್ನೂ ನಿಷೇಧಿಸಿತು. ಆಮೇಲೆಯೇ ಫ್ಲೆಕ್ಸ್‌ಗೆ ಒಂದು ಗತ್ತು ಬಂದದ್ದು. ಅದಕ್ಕೂ ಮುಂಚೆ ಯಾರು ಬೇಕಾದರೂ ಹಾಕಿಸುತ್ತಿದ್ದರು. ಈಗ ನಿಷೇಧಿತ ವಸ್ತುವನ್ನು ಊರ ನಡುವಿನ ತೀನ್ ಕಂದೀಲ್‌ನಂಥ ಜಾಗದಲ್ಲಿ ಹಗಲು ಹೊತ್ತಿನಲ್ಲೇ ಕಟ್ಟಿಸಬೇಕಾದರೆ ಆಸಾಮಿಗೆ ತೂಕ ಇರಬೇಕು. ಹುಟ್ಟುಹಬ್ಬಕ್ಕೆ ಫ್ಲೆಕ್ಸ್, ಶ್ರದ್ಧಾಂಜಲಿಗೆ ಫ್ಲೆಕ್ಸ್, ‘ಪ್ಲಾಸ್ಟಿಕ್ ತ್ಯಜಿಸಿ, ಪರಿಸರ ಉಳಿಸಿ’ ಎನ್ನುವುದಕ್ಕೂ ಫ್ಲೆಕ್ಸ್. ಈ ಕೊನೆಯದರ ಅಳತೆ ಉಳಿದೆಲ್ಲಕ್ಕಿಂತ ದೊಡ್ಡದು. ಸಂದೇಶ ದೊಡ್ಡದು ನೋಡಿ.

ಫ್ಲೆಕ್ಸ್‌ಗೆ ಪುನರ್ಜನ್ಮ ಇಲ್ಲ ಅನ್ನುವಂತಿಲ್ಲ. ಊರಾಚೆ ಹೋದರೆ ಕಾಣುತ್ತದೆ. ಬಣವೆಯ ಮೇಲೆ ಮಾಜಿ ಸಚಿವರು, ಕುರಿ ದೊಡ್ಡಿಯ ಮಾಡಿಗೆ ಹಾಲಿ ಶಾಸಕರು, ಸಿಂಧನೂರಿನ ಕಡೆ ರಸ್ತೆ ಬದಿಯಲ್ಲಿ ಒಣಹಾಕಿದ ಭತ್ತದ ಅಡಿಗೆ ಮುಂದಿನ ಸಲದ ಆಕಾಂಕ್ಷಿ. ನಮ್ಮ ನಾಯಕರು ರೈತರಿಗೆ ಇಷ್ಟು ನೇರವಾಗಿ ಆಸರೆಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದಕ್ಕೆ ಯಾವ ಸಂಸ್ಥೆಯೂ ಪ್ರಶಸ್ತಿ ಕೊಟ್ಟಿಲ್ಲ, ಏಕೆಂದರೆ ಇದನ್ನು ಮಾಡಿದವರು ಅರ್ಜಿ ಹಾಕಿಲ್ಲ.

ರಾಜ್ಯದ ಮಾತು ಯಾರೂ ಕೇಳಲಿಲ್ಲವೆಂದು ಕೇಂದ್ರವೂ 2022ರ ಜುಲೈ 1ರಿಂದ ಒಂದು ಪಟ್ಟಿ ಮಾಡಿ ನಿಷೇಧ ಹೇರಿತು. ಅದರಲ್ಲಿ 100 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು)‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ಇದೆ. ದಪ್ಪಗಿದ್ದರೆ ನಡೆಯುತ್ತದಂತೆ. ಕೈಚೀಲದ್ದೂ ಇದೇ ಕಥೆ. ಮೊದಲು 50 ಮೈಕ್ರಾನ್, 2021ರ ಸೆಪ್ಟೆಂಬರ್ ಕೊನೆಗೆ 75, 2022ರ ಡಿಸೆಂಬರ್ ಕೊನೆಗೆ 120. ಚೀಲ ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತ ಹೋಯಿತು, ಕಾನೂನು ತೆಳ್ಳಗಾಗುತ್ತ ಬಂತು. ಸಂತೆಯಲ್ಲಿ ಕೊತ್ತಂಬರಿ ಮಾರುವ ಯಮ್ಮನ ಬುಟ್ಟಿಗೆ ದಾಳಿ ಮಾಡಿ, ಚೀಲ ಹಿಡಿದು, ‘ಇದು ಎಷ್ಟು ಮೈಕ್ರಾನ್?’ ಅಂತ ಕೇಳಿದರೆ ಆಕೆ ‘ಕಟ್ಟಿಗೆ ಹತ್ತು ರೂಪಾಯಿ’ ಅಂತಾಳೆ. ಇಬ್ಬರ ಮಾತಿನಲ್ಲಿ ಅರ್ಥ ಇರುವುದು ಅವಳದ್ದರಲ್ಲೇ.

ನಿಷೇಧದ ಲೆಕ್ಕ ಸರಿಯಾಗಿ ತಿಳಿಯಬೇಕಾದರೆ ಯಾವುದಾದರೂ ಪಾನ್ ಶಾಪ್ ಮುಂದೆ ಐದು ನಿಮಿಷ ನಿಲ್ಲಿ. 2013ರ ಮೇ ಕೊನೆಯಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಗುಟ್ಕಾ ಅಂದರೆ ಅಡಿಕೆಯೂ ತಂಬಾಕೂ ಒಂದೇ ಚೀಟಿನಲ್ಲಿ. ಈಗ ಅಡಿಕೆಗೆ ಒಂದು ಚೀಟು, ತಂಬಾಕಿಗೆ ಒಂದು ಚೀಟು. ಎರಡನ್ನೂ ಹಲ್ಲಿನಲ್ಲಿ ಹರಿದು, ಒಂದರೊಳಗೆ ಇನ್ನೊಂದನ್ನು ಸುರಿದು, ಅಲ್ಲಾಡಿಸಿ, ತಲೆ ಮೇಲೆತ್ತಿ ಬಾಯಿಗೆ ಹಾಕಿಕೊಂಡ ಮೇಲೆ ಕಾಲ ಬುಡಕ್ಕೆ ಎರಡು ಚೀಟು ಬೀಳುತ್ತವೆ. ಒಂದೇ ನಿಷೇಧದಲ್ಲಿ ಕಸ ದುಪ್ಪಟ್ಟು. ಇಂಥವನ್ನು ಪ್ಲಾಸ್ಟಿಕ್ ಚೀಟಿನಲ್ಲಿ ಕಟ್ಟಿ ಮಾರಲೇಬಾರದು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮದಲ್ಲಿದೆ. ನಿಯಮವಿರುವ ಪುಸ್ತಕ ಯಾವ ಪಾನ್ ಶಾಪಿನಲ್ಲೂ ಮಾರಾಟಕ್ಕಿಲ್ಲ, ಹಾಗಾಗಿ ಯಾರೂ ಓದಿಲ್ಲ.

ಇದಿಷ್ಟು ಬೀದಿ ಕಸ. ಮನೆಗೇ ಬಂದು ಬೀಳುವ ಕಸ ಬೇರೆ. ಭಾನುವಾರ ಪೇಪರ್ ಹುಡುಗ ಎಸೆದ ಪತ್ರಿಕೆ ‘ದಪ್’ ಅಂತ ಸದ್ದು ಮಾಡುತ್ತದೆ. ಸುದ್ದಿ ಹೆಚ್ಚಾಗಿದೆ ಅಂತಲ್ಲ. ಎತ್ತಿಕೊಂಡು ಜಾಡಿಸಿದರೆ ಒಳಗಿನಿಂದ ಉದುರುತ್ತವೆ: ಮೊಣಕಾಲು ನೋವಿಗೆ ಒಂದೇ ದಿನದ ಶಿಬಿರ, ಆಷಾಢದ ಸೀರೆ ಸೇಲು, ಕೋಚಿಂಗ್ ಸೆಂಟರಿನ ನೂರಾರು ಪಾಸ್‌ಪೋರ್ಟ್ ಅಳತೆಯ ಮಕ್ಕಳು, ಮತ್ತು ಪ್ಲಾಟು. ಪ್ಲಾಟಿನ ಕರಪತ್ರವಂತೂ ನಮ್ಮ ಭಾಗದ ವಿಶೇಷ ಸಾಹಿತ್ಯ ಪ್ರಕಾರ. ಕೇಂದ್ರದ ದೊಡ್ಡಾಸ್ಪತ್ರೆ ಏಮ್ಸ್ ಬೇಕೆಂದು ಸಾವಿರ ದಿನ ದಾಟಿ ಧರಣಿ ಕೂತ ಊರಿದು. ಕರಪತ್ರದಲ್ಲಿ ಮಾತ್ರ ಏಮ್ಸ್ ಆಗಲೇ ಬಂದಿದೆ, ನಿವೇಶನದಿಂದ ಐದು ನಿಮಿಷ ದೂರದಲ್ಲಿದೆ. ಧರಣಿ ಕೂತವರು ಈ ಪ್ಲಾಟಿನವರನ್ನು ಒಂದು ಮಾತು ಕೇಳಬಹುದಿತ್ತು.

ಮೊನ್ನೆ ಅಂಥದ್ದೊಂದು ಕರಪತ್ರದ ಕೆಳಗೆ, ಇರುವೆ ಕಾಲಿನಂಥ ಅಕ್ಷರದಲ್ಲಿ, ಪುಟ್ಟ ಹಸಿರು ಎಲೆಯ ಚಿತ್ರದ ಪಕ್ಕ ಒಂದು ಸಾಲು ಇತ್ತು: ‘ದಯವಿಟ್ಟು ಈ ಕರಪತ್ರವನ್ನು ರಸ್ತೆಯಲ್ಲಿ ಎಸೆಯಬೇಡಿ’. ಇದನ್ನೇ ಈಗ ಜವಾಬ್ದಾರಿಯುತ ಪ್ರಚಾರ ಅನ್ನುತ್ತಾರೆ. ಮನೆಮನೆಗೆ ಎಸೆಯುವ ಹಕ್ಕು ಅವರದು, ಎಸೆಯದಿರುವ ಕರ್ತವ್ಯ ನಮ್ಮದು. ಎಲೆಯ ಚಿತ್ರ ಹಾಕಿ ಹಸಿರು ಅನ್ನಿಸಿಕೊಳ್ಳುವವರಿಗಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಪರಿಸರಸ್ನೇಹಿ ಅಂತ ಹೇಳಿಕೊಂಡರೆ ಪುರಾವೆ ಇಟ್ಟಿರಬೇಕು ಎಂದು. ನಮ್ಮೂರ ಪ್ರಿಂಟಿಂಗ್ ಪ್ರೆಸ್ಸಿನವರನ್ನು ಕೇಳಿದೆ. ‘ಎಲಿ ಫ್ರೀ ಐತ್ರಿ ಸರ, ಡಿಸೈನ್ ಒಳಗನ ಬರ್ತದ. ತೆಗೀಬೇಕಂದ್ರ ಎಕ್ಸ್‌ಟ್ರಾ’ ಅಂದರು.

ಕಾಗದ ಬೇಡ ಎಂದು ಕೆಲವರು ಫೋನಿಗೆ ಬಂದಿದ್ದಾರೆ. ಮೇ ತಿಂಗಳು, ಮಧ್ಯಾಹ್ನ ಎರಡೂವರೆ, ಹೊರಗೆ 42 ಡಿಗ್ರಿ, ಕೂಲರಿನ ಮುಂದೆ ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಒಬ್ಬಳು ಹಿಂದಿಯಲ್ಲಿ ಲೋನ್ ಕೊಡಲು ಮುಂದಾಗುತ್ತಾಳೆ. ಬೇಡದ ಕರೆ ತಡೆಯುವ ರಾಷ್ಟ್ರೀಯ ಪಟ್ಟಿ (ಡಿಎನ್‌ಡಿ) 2007ರಿಂದ ಇದೆ. ಅದಕ್ಕೆ 1909 ಎಂಬ ನಂಬರಿದೆ. 2018ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮಗಳನ್ನು ಹೊಸದಾಗಿ ಬರೆಯಿತು. ಮಾರಾಟದ ಕರೆ ಎಂದು ನೋಡಿದೊಡನೆ ಗೊತ್ತಾಗಲಿ ಎಂದು 140ರಿಂದ ಶುರುವಾಗುವ ನಂಬರುಗಳನ್ನು ಅವರಿಗೇ ಮೀಸಲಿಟ್ಟಿದ್ದಾರೆ. ಅದಕ್ಕೇ ಇರಬೇಕು, ಉಳಿದೆಲ್ಲ ನಂಬರುಗಳಿಂದ ಕರೆ ಬರುತ್ತವೆ. ‘ನಾನು ಡಿಎನ್‌ಡಿ ಹಾಕಿಸಿದ್ದೇನೆ ತಾಯಿ’ ಅಂದರೆ, ‘ಗೊತ್ತು ಸರ್, ಅದಕ್ಕೇ ಪರ್ಸನಲ್ ನಂಬರಿನಿಂದ ಮಾಡಿದ್ದು’ ಎನ್ನುತ್ತಾಳೆ. ಇಷ್ಟು ಕಾಳಜಿ ಸ್ವಂತ ಅಳಿಯನೂ ತೋರಿಸುವುದಿಲ್ಲ.

ಇಂಥ ಸನ್ನಿವೇಶದಲ್ಲೇ ನಮ್ಮೂರಿನ ಒಂದು ಸಂಸ್ಥೆ ಕಸ ತಗ್ಗಿಸುವ, ಮರುಬಳಕೆ ಹೆಚ್ಚಿಸುವ, ಪ್ರಚಾರಕರಿಗೆ ಜವಾಬ್ದಾರಿ ಕಲಿಸುವ ಪಣ ತೊಟ್ಟಿತು. ಹೆಸರು ಬೇಡ. ಆಮಂತ್ರಣ ಮೂರು ಸಲ ಬಂತು. ಒಂದು ಕಾರ್ಡು, ಫಳಫಳ ಹೊಳೆಯುವ ಪ್ಲಾಸ್ಟಿಕ್ ಹಾಳೆ ಸುತ್ತಿದ್ದು. (ಆಮಂತ್ರಣ ಪತ್ರಿಕೆಗೆ ಸುತ್ತುವ ಈ ಹಾಳೆಯೂ 2022ರ ಪಟ್ಟಿಯಲ್ಲಿದೆ. ಪಟ್ಟಿ ಮಾಡಿದವರು ಯಾವುದನ್ನೂ ಬಿಟ್ಟಿಲ್ಲ, ಪಾಪ.) ಇನ್ನೊಂದು ಪೇಪರಿನೊಳಗೆ ಕರಪತ್ರವಾಗಿ, ಐದು ಸಾವಿರ ಪ್ರತಿ. ಮೂರನೆಯದು ವಾಟ್ಸಾಪಿನಲ್ಲಿ, ‘ಕಾಗದ ಉಳಿಸುವ ಸಲುವಾಗಿ’ ಎಂಬ ಒಕ್ಕಣೆಯೊಂದಿಗೆ.

ಹೋದೆ. ರಂಗಮಂದಿರದ ಹೊರಗೆ ಶಾಲಾ ಮಕ್ಕಳು ಥರ್ಮಾಕೋಲ್ ಫಲಕ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಜಾಥಾಕ್ಕೆ ಬಾವುಟ ತೋರಿಸಬೇಕಾದವರು ಇನ್ನೂ ಸ್ನಾನಕ್ಕೆ ಹೋಗಿದ್ದರು. ಒಳಗೆ ವೇದಿಕೆ ತುಂಬ ಕುರ್ಚಿ, ಪ್ರತಿ ಕುರ್ಚಿಯ ಮುಂದೆ ಇನ್ನೂರು ಎಂಎಲ್ ನೀರಿನ ಬಾಟಲಿ. ಗಣ್ಯರು ಅದನ್ನು ಕುಡಿಯುವ ರೀತಿ ನೋಡಬೇಕು. ಮುಚ್ಚಳ ತಿರುವಿ, ಒಂದು ಗುಟುಕು ಹೀರಿ, ಮುಚ್ಚಳ ಹಾಕದೆ ಪಕ್ಕಕ್ಕಿಟ್ಟು, ಭಾಷಣ ಮುಗಿಸಿ ಬಂದು ಅದು ತಮ್ಮದೋ ಪಕ್ಕದವರದೋ ತಿಳಿಯದೆ ಹೊಸದೊಂದನ್ನು ತೆರೆಯುತ್ತಾರೆ. ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಹನ್ನೊಂದು ಜನರ ಮುಂದೆ ಇಪ್ಪತ್ತಕ್ಕೂ ಹೆಚ್ಚು ಬಾಟಲಿ. ಆಮೇಲೆ ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ, ಶಾಲು, ಏಲಕ್ಕಿ ಹಾರ ಎಂದು ಹೇಳಿ ಹಾಕಿದ ಮುತ್ತಿನ ಹಾರ, ವೆಲ್ವೆಟ್ ಪೆಟ್ಟಿಗೆಯೊಳಗೆ ಸ್ಮರಣಿಕೆ.

ವೇದಿಕೆಯ ಮೇಲಿನವರನ್ನು ಒಬ್ಬೊಬ್ಬರಾಗಿ ಪರಿಚಯಿಸಿದರು. ಉದ್ಘಾಟಕರು ಲೇಔಟ್ ಮಾಲೀಕರು, ಅವರದೇ ಕರಪತ್ರ ಊರಲ್ಲಿ ಹೆಚ್ಚು. ಮುಖ್ಯ ಅತಿಥಿ ಫ್ಲೆಕ್ಸ್ ಪ್ರಿಂಟರ್. ಜ್ಯೋತಿ ಬೆಳಗಿದವರು ಪಾನ್ ಮಸಾಲಾದ ಜಿಲ್ಲಾ ವಿತರಕರು. ನೀರಿನ ಬಾಟಲಿಯ ಪ್ರಾಯೋಜಕರಿಗೆ ‘ಪರಿಸರ ಸೇವಾ’ ಎಂದೇನೋ ಬಿರುದು. ಕಸದ ವಿರುದ್ಧ ಮಾತನಾಡಲು ಕಸದ ಬಗ್ಗೆ ಇಷ್ಟು ಅನುಭವ ಇದ್ದವರನ್ನು ಒಂದೇ ವೇದಿಕೆಗೆ ತಂದದ್ದು ಸಣ್ಣ ಸಂಗತಿಯಲ್ಲ. ಅವರೆಲ್ಲರೂ ಒಬ್ಬರ ಹಿಂದೊಬ್ಬರು ಬಂದು ಹೇಳಿದ್ದು ಒಂದೇ ಮಾತು: ಜನರಲ್ಲಿ ಜಾಗೃತಿ ಇಲ್ಲ.

ಇದು ನಮ್ಮವರೇ ಹೊಸದಾಗಿ ಕಂಡುಹಿಡಿದದ್ದು ಎಂದು ಹೆಮ್ಮೆಪಡಬೇಡಿ. ಅಮೆರಿಕದಲ್ಲಿ 1953ರಲ್ಲೇ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ ಹುಟ್ಟಿತು. ಕಟ್ಟಿದವರಲ್ಲಿ ಡಬ್ಬಿ, ಬಾಟಲಿ, ಪ್ಯಾಕಿಂಗ್ ಕಂಪನಿಗಳೇ ಮುಂದಿದ್ದವು. ರಸ್ತೆ ಬದಿ ಡಬ್ಬಿ ಬಿದ್ದರೆ ತಪ್ಪು ಡಬ್ಬಿ ಮಾಡಿದವನದಲ್ಲ, ಎಸೆದವನದು ಎಂಬ ಜ್ಞಾನೋದಯ ಅಲ್ಲಿಂದಲೇ ಹಬ್ಬಿದ್ದು. 1971ರಲ್ಲಿ ಅವರು ಒಂದು ಟಿ.ವಿ. ಜಾಹೀರಾತು ಬಿಟ್ಟರು. ಕಸ ನೋಡಿ ಮೂಲನಿವಾಸಿ ಇಂಡಿಯನ್ ಒಬ್ಬ ಕಣ್ಣೀರು ಹಾಕುತ್ತಾನೆ. ದೇಶಕ್ಕೆ ದೇಶವೇ ಕರಗಿತು. ಆ ನಟ ಇಟಲಿ ಮೂಲದವನೆಂದು ಆಮೇಲೆ ಗೊತ್ತಾಯಿತು. ಕಣ್ಣೀರು ಮಾತ್ರ ಯಾವ ಮೂಲದ್ದೆಂದು ಯಾರೂ ಕೇಳಲಿಲ್ಲ. ನಮ್ಮ ಫ್ಲೆಕ್ಸ್ ಪ್ರಿಂಟರ್ ಅಂದು ವೇದಿಕೆಯ ಮೇಲೆ ಭಾವುಕರಾದಾಗ ನನಗೆ ಈ ಪರಂಪರೆ ನೆನಪಾಗಿ ಮೈ ಜುಮ್ಮೆಂದಿತು.

ಅದೇ 1971ರಲ್ಲಿ ಅಲ್ಲಿ ಮನೆಗೇ ಜಾಹೀರಾತು ಕಳಿಸಿ ಮಾರುವವರ ಸಂಘವೇ ಒಂದು ಸೇವೆ ತೆರೆಯಿತು. ಜಾಹೀರಾತಿನ ಅಂಚೆ ಬೇಡವೆನ್ನುವವರು ಹೆಸರು ಕೊಡಬೇಕು, ಅವರಿಗೆ ಕಳಿಸುವುದಿಲ್ಲ. ಈಗ ಅದಕ್ಕೆ ಫೀಸು ಇದೆ, ಹತ್ತು ವರ್ಷದ ಮಟ್ಟಿಗೆ. ಕಾಟ ಕೊಡುವವರೇ ಕಾಟ ಬೇಡದವರ ಪಟ್ಟಿ ಇಟ್ಟುಕೊಂಡು, ಅದಕ್ಕೂ ದುಡ್ಡು ತಗೊಳ್ಳುವುದು. ನಮ್ಮಲ್ಲಿ ಹಳೇ ಕಾಲದ ದಾಂಡಿಗರು ಇದೇ ವ್ಯವಹಾರ ಮಾಡುತ್ತಿದ್ದರು, ಅವರಿಗೆ ಸೇವೆ ಎನ್ನುವ ಮಾತು ಹೊಳೆದಿರಲಿಲ್ಲ.

ಇದನ್ನು ಬುಡಮೇಲು ಮಾಡಿದವರು ಆಮ್‌ಸ್ಟರ್‌ಡ್ಯಾಮ್‌ನವರು. ‘ಬೇಡ’ ಅನ್ನುವವರು ಬಾಗಿಲಿಗೆ ಸ್ಟಿಕ್ಕರ್ ಹಚ್ಚಬೇಕಿಲ್ಲ, ‘ಬೇಕು’ ಅನ್ನುವವರು ಹಚ್ಚಿಕೊಳ್ಳಲಿ, ಅವರಿಗೆ ಮಾತ್ರ ಕರಪತ್ರ ಹಾಕಿ ಎಂದು 2018ರ ಜನವರಿಯಿಂದ ಜಾರಿಗೆ ತಂದರು. ಮುದ್ರಕರು, ಹಂಚುವವರು ಕೋರ್ಟಿಗೆ ಹೋದರು, ಕೊನೆಗೆ ಸೋತರು. ಸರಳವಾದ ಉಪಾಯ. ಇಷ್ಟು ಸರಳವಾದದ್ದು ನಮಗೆ ಒಗ್ಗುವುದಿಲ್ಲ. ರಾಯಚೂರಿನಲ್ಲಿ ಇದನ್ನು ತಂದರೆ ಮೊದಲು ‘ಬೇಕು’ ಸ್ಟಿಕ್ಕರಿನ ಟೆಂಡರ್ ಆಗಬೇಕು. ಟೆಂಡರ್ ನಮ್ಮ ಫ್ಲೆಕ್ಸ್ ಪ್ರಿಂಟರಿಗೇ ಆಗಬೇಕು. ಸ್ಟಿಕ್ಕರ್ ಎಲ್ಲಿ ಸಿಗುತ್ತದೆಂದು ಮನೆಮನೆಗೆ ಕರಪತ್ರ ಹಂಚಬೇಕು. ಕೊನೆಗೆ ಸ್ಟಿಕ್ಕರಿನ ಒಂದು ಮೂಲೆಯಲ್ಲಿ ಬೋರ್‌ವೆಲ್ ಕೊರೆಯುವವರ ನಂಬರು ಇರುತ್ತದೆ.

ಕಾರ್ಯಕ್ರಮಕ್ಕೆ ಬರೋಣ. ಪೌರಕಾರ್ಮಿಕರಿಗೆ ಸನ್ಮಾನ ಇತ್ತು, ಪಟ್ಟಿಯ ಕೊನೆಯಲ್ಲಿ. ಎಂಟು ಜನ ಹೆಣ್ಣುಮಕ್ಕಳು ಹಿಂದಿನ ಸಾಲಿನಲ್ಲಿ ಬೆಳಿಗ್ಗೆಯಿಂದ ಕೂತಿದ್ದರು. ನಸುಕಿನ ಐದಕ್ಕೆ ಎದ್ದು ಪಟೇಲ್ ರಸ್ತೆ ಗುಡಿಸಿ ಹಾಗೇ ಬಂದವರು. ನನ್ನ ಪಕ್ಕದಲ್ಲಿದ್ದಾಕೆ ವೇದಿಕೆಯ ಬಾಟಲಿಗಳನ್ನೇ ನೋಡುತ್ತಿದ್ದಳು.

‘ಯಣ್ಣಾ, ಇದು ಯಾವಾಗ ಮುಗಿತದ್ರಿ?’

‘ಇನ್ನೂ ಮೂರು ಭಾಷಣ ಅದಾವ ಯಕ್ಕ. ಯಾಕ, ಹಸಿವು ಆತೇನು?’

‘ಹಸಿವು ಅಲ್ರಿ. ಇವರು ಎದ್ದ ಮ್ಯಾಲ ಇದನ್ನೆಲ್ಲಾ ನಾವ ಬಳೀಬೇಕಲ್ರಿ. ಹೊತ್ತಾದ್ರ ಮತ್ತ ಮಧ್ಯಾಹ್ನದ ಹಾಜರಿ ಹೋಗ್ತದ.’

ಸನ್ಮಾನದ ಸರದಿ ಬರುವಷ್ಟರಲ್ಲಿ ಒಗ್ಗರಣಿ–ಮಿರ್ಚಿ ಬಂದಿತ್ತು, ಸಭೆ ಎದ್ದಿತ್ತು. ಆಕೆ ಹೆಗಲ ಮೇಲಿನ ಶಾಲನ್ನು ಸೊಂಟಕ್ಕೆ ಬಿಗಿದು ತಟ್ಟೆ ಬಳಿಯಲು ಹೊರಟಳು. ಮೂರು ಬಣ್ಣದ ಬುಟ್ಟಿಗಳನ್ನು ಬಾಗಿಲಲ್ಲಿ ಇಟ್ಟಿದ್ದರು, ಹಸಿಗೆ ಹಸಿರು, ಒಣಕ್ಕೆ ನೀಲಿ, ಅಪಾಯಕಾರಿಗೆ ಕೆಂಪು. ಅವುಗಳ ಮುಂದೆ ಗಣ್ಯರು ಫೋಟೊ ತೆಗೆಸಿಕೊಂಡದ್ದರಿಂದ ಯಾರೂ ಅದರೊಳಗೆ ಏನೂ ಹಾಕಲಿಲ್ಲ. ಸ್ವಚ್ಛವಾಗಿದ್ದವು.

ನನ್ನನ್ನೂ ‘ಚಿಂತಕ’ ಎಂದು ಕರೆದು ಕಿಟ್ ಕೊಟ್ಟರು. ಒಂದು ಫೈಲು, ಪೆನ್ನು, ಬ್ಯಾಡ್ಜು, ನೀರಿನ ಬಾಟಲಿ, ಶಾಲು, ಸ್ಮರಣಿಕೆ, ಭಾಗವಹಿಸಿದ್ದಕ್ಕೆ ಪ್ರಮಾಣಪತ್ರ. ಪ್ರಮಾಣಪತ್ರಕ್ಕೆ ಈಗ ಬೆಲೆ ಇದೆ. ಪ್ಲಾಸ್ಟಿಕ್ ತಯಾರಿಸುವವರು ನಿಗದಿಯಾದಷ್ಟು ಪ್ಲಾಸ್ಟಿಕ್ ಮರುಬಳಕೆ ಮಾಡಿಸಿ ಸರ್ಟಿಫಿಕೇಟು ಕೊಳ್ಳಬೇಕು ಎಂಬ ಪದ್ಧತಿ ಬಂದ ಮೇಲೆ, 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದರೆ ಲಕ್ಷಗಟ್ಟಲೆ ಸರ್ಟಿಫಿಕೇಟು ನಕಲಿ ಎಂದು ಸಿಕ್ಕವು. ಪ್ಲಾಸ್ಟಿಕ್ ಮರುಬಳಕೆ ಆಗದಿದ್ದರೂ ಸುಳ್ಳಂತೂ ಚೆನ್ನಾಗಿ ಮರುಬಳಕೆ ಆಗಿದೆ.

ಮಾರನೆಯ ದಿನ ಗುಜರಿ ಗಾಡಿಯವನು ಓಣಿಗೆ ಬಂದ. ಕರೆದು ಆ ಕಿಟ್ ಮತ್ತು ನಾಲ್ಕು ಭಾನುವಾರದ ಕರಪತ್ರಗಳನ್ನು ಮುಂದೆ ಸುರಿದೆ. ನಮ್ಮೂರಲ್ಲಿ ಮರುಬಳಕೆ ಬಗ್ಗೆ ಯಾರಾದರೂ ಅಧಿಕಾರದಿಂದ ಮಾತನಾಡುವುದಿದ್ದರೆ ಇವನೇ. ಭಾಷಣಕ್ಕೆ ಯಾರೂ ಕರೆದಿಲ್ಲ, ಕರೆದರೆ ಗಾಡಿ ಯಾರು ನೋಡಿಕೊಳ್ಳುತ್ತಾರೆ?

ಅವನು ಕೂತು ಕೆಲಸ ಶುರು ಮಾಡಿದ. ಅಂಗಿ ಜೇಬಿನಿಂದ ದಾರ ಕಟ್ಟಿದ ಒಂದು ತುಂಡು ಅಯಸ್ಕಾಂತ ತೆಗೆದು ಸ್ಮರಣಿಕೆಯ ಬಂಗಾರದ ಬಣ್ಣದ ಲಾಂಛನಕ್ಕೆ ಮುಟ್ಟಿಸಿದ. ಹಿಡಿಯಲಿಲ್ಲ. ಉಗುರಿನಿಂದ ಕೆರೆದ, ಬಣ್ಣ ಎದ್ದು ಬಂತು. ಪಕ್ಕಕ್ಕಿಟ್ಟ. ಫೈಲು ಬಿಚ್ಚಿ ಒಳಗಿನ ಕಬ್ಬಿಣದ ಕ್ಲಿಪ್ಪನ್ನು ಕಿತ್ತು ಡಬ್ಬಿಗೆ ಹಾಕಿಕೊಂಡ, ಉಳಿದದ್ದನ್ನು ನನ್ನ ಕಡೆ ತಳ್ಳಿದ. ನೀರಿನ ಬಾಟಲಿಯ ಮುಚ್ಚಳ ತೆಗೆದು ಬೇರೆ ಚೀಲಕ್ಕೆ, ಸುತ್ತಿದ ಲೇಬಲ್ ಹರಿದು ಕೆಳಗೆ, ಬಾಟಲಿಯನ್ನು ಹಿಮ್ಮಡಿಯಿಂದ ಒತ್ತಿ ಚಪ್ಪಟೆ ಮಾಡಿ ಇನ್ನೊಂದು ಚೀಲಕ್ಕೆ. ರಂಗಮಂದಿರದ ಬಾಗಿಲಲ್ಲಿ ಮೂರು ಬುಟ್ಟಿ ಇದ್ದಿರಬಹುದು, ಅವನ ಗಾಡಿಯಲ್ಲಿ ಹತ್ತು ಚೀಲ ಇದ್ದವು.

‘ಪೆನ್ನು?’

‘ಬ್ಯಾಡ್ರಿ ಸರ.’

‘ಈ ಶಾಲು?’

‘ಇದು ಟೆರಿಕಾಟ್ ಆಗ್ಯದ್ರಿ. ಹತ್ತಿದಿದ್ರ ಒರೆಸಾಕ ಬರ್ತಿತ್ತು. ಇದಕ ನೀರು ಹಿಡಿಯಂಗಿಲ್ಲ, ಮೈಗೆ ಬೆವರೂ ಹಿಡಿಯಂಗಿಲ್ಲ.’ ನಮ್ಮ ಕಡೆ ಹಳೇ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿ ಎರಡು ತಲೆಮಾರು ಹೊದೆಯುತ್ತವೆ. ಸನ್ಮಾನದ ಶಾಲಿನಿಂದ ಕೌದಿ ಹೊಲಿದವರನ್ನು ನಾನು ಕಂಡಿಲ್ಲ, ಊರಲ್ಲಿ ಸನ್ಮಾನಿತರು ಇಷ್ಟು ಜನ ಇದ್ದರೂ.

ಕರಪತ್ರಗಳಲ್ಲಿ ನುಣುಪಾದವನ್ನೂ ಒರಟಾದವನ್ನೂ ಬೇರೆ ಮಾಡಿದ. ನುಣುಪಾದದ್ದಕ್ಕೆ ರೇಟು ಕಡಿಮೆಯಂತೆ. ಜವಾಬ್ದಾರಿಯ ಎಲೆ ಇದ್ದದ್ದು ನುಣುಪಾದದ್ದರಲ್ಲೇ. ಆಮೇಲೆ ಪ್ರಮಾಣಪತ್ರ ಎತ್ತಿಕೊಂಡು ಎರಡು ಕೈಯಲ್ಲೂ ಬಾಗಿಸಿ ನೋಡಿದ. ಲ್ಯಾಮಿನೇಷನ್ ಪಟಪಟ ಅಂತು.

‘ಇದಕ ಪ್ಲಾಸ್ಟಿಕ್ ಹಚ್ಚಿ ಕೆಡಿಸ್ಯಾರ್ರಿ ಸರ. ಬರೇ ಕಾಗದ ಇದ್ದಿದ್ರ ತಗೋತಿದ್ದೆ. ಈಗ ಕಾಗದದಾಗೂ ಬರಂಗಿಲ್ಲ, ಪ್ಲಾಸ್ಟಿಕ್‌ನಾಗೂ ಬರಂಗಿಲ್ಲ.’

‘ಇದರೊಳಗ ನಾನು ಪರಿಸರ ಸಂರಕ್ಷಕ ಅಂತ ಬರದಾರಪಾ.’

‘ಇರಲಿ ಬಿಡ್ರಿ, ಗ್ವಾಡಿಗೆ ಹಾಕ್ಕೊಳ್ರಿ’ ಅಂದ.

ಒಟ್ಟು ಹದಿನಾಲ್ಕು ರೂಪಾಯಿ ಆಯಿತು. ಚಿಲ್ಲರೆ ಎಣಿಸಿ ಕೊಡುತ್ತ, ‘ನಿನ್ನಿ ಆ ಹಾಲ್‌ನಾಗಿನ ಬಾಟ್ಲಿ ಎಲ್ಲಾ ನಮಗ ಬಂದ್ವು ನೋಡ್ರಿ, ಎರಡು ಚೀಲ’ ಅಂದ. ‘ಮತ್ತ ಯಾವಾಗ ಮಾಡ್ತಾರಂತ್ರಿ?’

ಜೂನ್ 5ಕ್ಕೆ ಪರಿಸರ ದಿನ ಇದೆ, ಅವತ್ತು ಇನ್ನೂ ದೊಡ್ಡದಾಗಿ ಮಾಡ್ತಾರಂತೆ ಅಂದೆ.

‘ಹಂಗಾರ ತಮ್ಮನ್ನೂ ಕರಕೊಂಡು ಬರ್ತೀನ್ರಿ, ಇನ್ನೊಂದು ಗಾಡಿ ತಗೊಂಡು’ ಅಂತ ತಕ್ಕಡಿ ಎತ್ತಿಟ್ಟ.